ಆಕಸ್ಮಿಕ ಸೂಜಿಗಾಯ: ತಪ್ಪು ಕಲ್ಪನೆಗಳು ಮತ್ತು ಸತ್ಯ

ರೋಗಿಯ ಮೈಯಿಂದ ಹೊರತೆಗೆದ ಸೂಜಿಯು ದಾದಿಯ, ವೈದ್ಯರ, ಪ್ರಯೋಗಾಲಯದ ತಂತ್ರಜ್ಞರ ಅಥವಾ ವಾರ್ಡಿನ ಕಸ ತೆಗೆಯುವವರ ಕೈಗೆ ಆಕಸ್ಮಿಕವಾಗಿ ಚುಚ್ಚಿಕೊಳ್ಳುವುದನ್ನು ಸೂಜಿಗಾಯ ಎನ್ನುತ್ತಾರೆ. ನೋಡುವವರಿಗೆ ಗಾಯವೆಂದೇ ಅನ್ನಿಸದ ಈ ಚುಚ್ಚು ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ವೈರಸ್‌ಗಳಿಗೆ ನೇರ ದಾರಿಯಾಗಬಲ್ಲದು. ಏಕೆಂದರೆ ಸಿರಿಂಜಿನ ಸೂಜಿ ಟೊಳ್ಳಾಗಿರುವುದರಿಂದ, ಗಾಯ ಹೊಲಿಯುವ ಗಟ್ಟಿ ಸೂಜಿಯಂತೆ ಹೊರಮೈಯಲ್ಲಷ್ಟೇ ಅಲ್ಲದೆ ತನ್ನ ಒಳನಾಳದಲ್ಲಿಯೂ ರಕ್ತವನ್ನು ಹಿಡಿದಿಟ್ಟುಕೊಂಡಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2002ರ ತನ್ನ ವರದಿಯಲ್ಲಿ, ಜಗತ್ತಿನ ಸುಮಾರು 3.5 ಕೋಟಿ ಆರೋಗ್ಯ ಸಿಬ್ಬಂದಿಯಲ್ಲಿ ಪ್ರತಿವರ್ಷ 30 ಲಕ್ಷ ಮಂದಿ ಇಂಥ ಗಾಯಗಳ ಮೂಲಕ ರಕ್ತಜನ್ಯ ವೈರಸ್‌ಗಳ ಸಂಪರ್ಕಕ್ಕೆ ಬರುತ್ತಾರೆಂದು ಅಂದಾಜಿಸಿತ್ತು.

ಈ ಗಾಯಗಳ ಬಗ್ಗೆ ಆಸ್ಪತ್ರೆಯ ಒಳಗೂ ಹೊರಗೂ ಬೇರೂರಿರುವ ಮೊದಲ ನಂಬಿಕೆಯೆಂದರೆ, ಅವು ಅಜಾಗರೂಕತೆಯ ಫಲ ಎಂಬುದು. ಚುಚ್ಚಿಸಿಕೊಂಡವರು ಅವಸರಪಟ್ಟಿರಬೇಕು, ಗಮನ ಬೇರೆಡೆ ಇದ್ದಿರಬೇಕು, ಇನ್ನೊಮ್ಮೆ ತರಬೇತಿ ಕೊಟ್ಟರೆ ಸರಿಹೋಗುತ್ತದೆ ಎಂಬ ಈ ತೀರ್ಮಾನವು ನೊಂದವರ ಮೇಲೆಯೇ ತಪ್ಪನ್ನು ಹೊರಿಸುತ್ತದೆಯಲ್ಲದೆ, ಉಪಕರಣದ ಕಡೆಗೆ ಕಣ್ಣೆತ್ತಿಯೂ ನೋಡದಂತೆ ಮಾಡುತ್ತದೆ. ಇದನ್ನು ಅಂಕಿಅಂಶಗಳ ಮೂಲಕ ಪ್ರಶ್ನಿಸಿದವರು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಾಂಕ್ರಾಮಿಕ ರೋಗಶಾಸ್ತ್ರಜ್ಞೆ ಜಾನೀನ್ ಜ್ಯಾಗರ್. ಅವರೂ ಅವರ ಸಹೋದ್ಯೋಗಿಗಳೂ ಒಂದೇ ಆಸ್ಪತ್ರೆಯಲ್ಲಿ ಹತ್ತು ತಿಂಗಳ ಅವಧಿಯಲ್ಲಿ ಆದ 326 ಸೂಜಿಗಾಯಗಳನ್ನು ಪರಿಶೀಲಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನವು, ಯಾರಿಗೆ ಚುಚ್ಚಿತು ಎಂಬುದಕ್ಕಿಂತ ಯಾವುದು ಚುಚ್ಚಿತು ಎಂಬುದನ್ನು ಮುಂದಿಟ್ಟಿತು. ಒಟ್ಟು ಲೆಕ್ಕದಲ್ಲಿ ಸಾಮಾನ್ಯ ಸಿರಿಂಜ್‌ಗಳಿಂದಾದ ಗಾಯಗಳೇ ಹೆಚ್ಚೆಂದು ಕಂಡರೂ, ಆಸ್ಪತ್ರೆ ಕೊಂಡ ಪ್ರತಿ ಒಂದು ಲಕ್ಷ ಉಪಕರಣಕ್ಕೆ ಎಷ್ಟು ಗಾಯ ಎಂದು ಲೆಕ್ಕ ಹಾಕಿದಾಗ ಸಿರಿಂಜಿನ ಪ್ರಮಾಣ 6.9 ಮಾತ್ರವಾಗಿತ್ತು. ಬಳಸಿದ ಮೇಲೆ ಭಾಗಗಳನ್ನು ಬಿಚ್ಚಲೇಬೇಕಾದ ಉಪಕರಣಗಳಲ್ಲಾದರೋ, ಉದಾಹರಣೆಗೆ ಸಲೈನ್ ಕೊಳವೆಗೆ ಜೋಡಿಸುತ್ತಿದ್ದ ಸೂಜಿಗಳಲ್ಲಿ, ಅದು ಐದು ಪಟ್ಟಿಗಿಂತಲೂ ಮಿಗಿಲಾಗಿತ್ತು. ಅದೇ ಆಸ್ಪತ್ರೆ, ಅದೇ ತರಬೇತಿ, ಅದೇ ಜನ; ಉಪಕರಣ ಬದಲಾದರೆ ಗಾಯದ ಪ್ರಮಾಣವೂ ಇಷ್ಟು ಬದಲಾಗುತ್ತದೆಂದ ಮೇಲೆ ಕಾರಣವನ್ನು ಕೈಯಲ್ಲಿ ಮಾತ್ರ ಹುಡುಕುವುದು ನ್ಯಾಯವಲ್ಲ. ಸಲೈನ್ ಕೊಳವೆಯ ನಡುವೆ ಮದ್ದು ಸೇರಿಸಲು ಸೂಜಿಯೇ ಬೇಕಿಲ್ಲ ಎಂಬ ಸರಳ ಸಂಗತಿಯನ್ನು ತಯಾರಕರು ಒಪ್ಪಿ ಸೂಜಿರಹಿತ ಜೋಡಣೆಗಳನ್ನು ಮಾಡಿದ ಮೇಲೆ, ಎಷ್ಟೋ ಗಾಯಗಳಿಗೆ ಎಡೆಯೇ ಇಲ್ಲದಂತಾಯಿತು.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವುದು ಜವಾಬ್ದಾರಿಯ ಅಭ್ಯಾಸ ಎಂಬುದು ಎರಡನೆಯ ನಂಬಿಕೆ. ಮೇಲಿನ ಅಧ್ಯಯನದಲ್ಲಿ ಮೂರರಲ್ಲೊಂದು ಭಾಗದಷ್ಟು ಗಾಯಗಳು ಮುಚ್ಚಳ ಹಾಕುವಾಗಲೇ ಸಂಭವಿಸಿದ್ದವು. ಒಂದು ಕೈಯಲ್ಲಿ ಕಿರಿದಾದ ಬಾಯಿಯ ಮುಚ್ಚಳ, ಇನ್ನೊಂದು ಕೈಯಲ್ಲಿ ಸೂಜಿ, ಎರಡೂ ಒಂದಕ್ಕೊಂದು ಎದುರಾಗಿ ಚಲಿಸುವಾಗ ಕೆಲವು ಮಿಲಿಮೀಟರ್ ತಪ್ಪಿದರೂ ಮೊನೆ ತಗಲುವುದು ಮುಚ್ಚಳ ಹಿಡಿದ ಕೈಯ ಹೆಬ್ಬೆರಳಿಗೋ ತೋರುಬೆರಳಿಗೋ. ಆದರೂ ಸಿಬ್ಬಂದಿ ಏಕೆ ಮುಚ್ಚಳ ಹಾಕುತ್ತಿದ್ದರೆಂದು ವಿಚಾರಿಸಿದಾಗ ದೊರೆತ ಉತ್ತರಗಳು ಗಮನಾರ್ಹವಾಗಿದ್ದವು: ಮುಚ್ಚಳವಿಲ್ಲದ ಸೂಜಿಯನ್ನು ಹಿಡಿದು ತ್ಯಾಜ್ಯದ ಡಬ್ಬಿಯವರೆಗೆ ನಡೆಯುವುದು ಅದಕ್ಕಿಂತ ಅಪಾಯಕರ, ಬಿಚ್ಚಲೇಬೇಕಾದ ಉಪಕರಣವನ್ನು ಮುಚ್ಚಳವಿಲ್ಲದೆ ಬಿಚ್ಚುವುದು ಅಪಾಯಕರ, ಕೈಯಲ್ಲಿ ಹಲವು ಸಾಮಾನುಗಳಿರುವಾಗ ಮೊನೆ ತೆರೆದಿರುವುದು ಅಪಾಯಕರ ಎಂದು ಅವರು ಹೇಳಿದ್ದರು. ಅಂದರೆ ಅವರು ಎರಡು ಅಪಾಯಗಳ ನಡುವೆ ಒಂದನ್ನು ಆರಿಸಿಕೊಳ್ಳುತ್ತಿದ್ದರೇ ಹೊರತು ನಿಯಮವನ್ನು ಉಪೇಕ್ಷಿಸುತ್ತಿರಲಿಲ್ಲ. ಮುಚ್ಚಳ ಹಾಕಬೇಡಿ ಎಂಬ ಫಲಕವನ್ನು ಗೋಡೆಗೆ ಅಂಟಿಸಿದ ಮಾತ್ರಕ್ಕೆ ಅಭ್ಯಾಸ ನಿಲ್ಲದಿರುವುದಕ್ಕೆ ಇದೇ ಕಾರಣ. ಹಾಕಲೇಬೇಕಾದ ಅನಿವಾರ್ಯ ಸಂದರ್ಭದಲ್ಲಿ ಮುಚ್ಚಳವನ್ನು ಮೇಜಿನ ಮೇಲೆ ಇಟ್ಟು, ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಿ ಎತ್ತಿಕೊಳ್ಳುವ ಕ್ರಮವನ್ನು ಕಲಿಸಲಾಗುತ್ತದೆ. ಮೊನೆಯ ಎದುರಿಗೆ ಇನ್ನೊಂದು ಕೈ ಬರದಿರುವುದೇ ಅದರ ಪ್ರಯೋಜನ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸಿರುವುದು ಮೂರನೆಯ ನಂಬಿಕೆ. ಒಮ್ಮೆ ಬಳಸಿದ ಕೂಡಲೇ ತಾನಾಗಿಯೇ ನಿಷ್ಕ್ರಿಯವಾಗುವ ಸಿರಿಂಜ್, ಲಸಿಕಾ ಕೇಂದ್ರಗಳಲ್ಲಿ ಎಡಿ ಸಿರಿಂಜ್ ಎಂದು ಕರೆಯಲಾಗುವ ಉಪಕರಣ, ಬಂದ ಮೇಲೆ ಸೂಜಿಗಾಯದ ಸಮಸ್ಯೆ ಮುಗಿಯಿತೆಂದು ಅನೇಕರು ಭಾವಿಸಿದ್ದಾರೆ. ಬ್ರಿಟನ್ನಿನ ಮಾರ್ಕ್ ಕೋಸ್ಕಾ ರೂಪಿಸಿದ ಕೆ1 ಸಿರಿಂಜಿನ ರಚನೆಯನ್ನು ನೋಡಿದರೆ ಈ ಗೊಂದಲ ತಿಳಿಯಾಗುತ್ತದೆ. ಅದರ ಕೊಳವೆಯ ಒಳಗೋಡೆಯಲ್ಲಿ ಒಂದು ಸಣ್ಣ ಉಂಗುರದಂಥ ಏಣು ಇದ್ದು, ಮದ್ದನ್ನು ಪೂರ್ತಿ ತಳ್ಳಿದಾಗ ದೂಡುದಂಡವು ಅದನ್ನು ದಾಟಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಮರಳಿ ಎಳೆಯಲು ಹೋದರೆ ದಂಡವೇ ಮುರಿಯುತ್ತದೆ. ಹೀಗಾಗಿ ಅದನ್ನು ಎರಡನೆಯ ರೋಗಿಗೆ ಬಳಸಲಾಗದು. ಒಬ್ಬರಿಗೆ ಬಳಸಿದ ಸಿರಿಂಜನ್ನೇ ಇನ್ನೊಬ್ಬರಿಗೆ ಬಳಸುವ ಪಿಡುಗು ಎಷ್ಟು ಭೀಕರವೆಂಬುದಕ್ಕೆ 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹಬ್ಬಿದ ಹೆಪಟೈಟಿಸ್ ಬಿ ಸೋಂಕು ಸಾಕ್ಷಿಯಾಗಿದೆ. ಆ ಪಿಡುಗಿನ ವಿರುದ್ಧ ಈ ಸಿರಿಂಜ್ ನಿಜಕ್ಕೂ ದೊಡ್ಡ ಸಾಧನೆ. ಆದರೆ ದಂಡ ಸಿಕ್ಕಿಕೊಂಡ ಮೇಲೂ ಸೂಜಿಯ ಮೊನೆ ಮೊದಲಿನಂತೆಯೇ ಹೊರಗಿರುತ್ತದೆ, ಮೊದಲಿನಷ್ಟೇ ಹರಿತವಾಗಿರುತ್ತದೆ. ಅದು ಮುಂದಿನ ರೋಗಿಯನ್ನು ಕಾಪಾಡುತ್ತದೆ, ಚುಚ್ಚುಮದ್ದು ಕೊಟ್ಟ ದಾದಿಯನ್ನು ಕಾಪಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2015ರ ಮಾರ್ಗಸೂಚಿಯಲ್ಲಿ ಈ ಕಾರಣಕ್ಕಾಗಿಯೇ ಮರುಬಳಕೆ ತಡೆಯುವ ಗುಣ ಮತ್ತು ಮೊನೆಗಾಯ ತಡೆಯುವ ಗುಣ ಎಂದು ಎರಡನ್ನು ಬೇರೆಬೇರೆಯಾಗಿ ಹೆಸರಿಸಿ, ಸಾಧ್ಯವಿದ್ದಲ್ಲೆಲ್ಲ ಎರಡೂ ಇರುವ ಸಿರಿಂಜ್‌ಗಳನ್ನು ಬಳಸಬೇಕೆಂದು ಹೇಳಿತು. ಕೊಳ್ಳುವ ಅಧಿಕಾರಿಗಳು ಪೆಟ್ಟಿಗೆಯ ಮೇಲಿನ ‘ಸುರಕ್ಷಿತ’ ಎಂಬ ಪದವನ್ನು ನೋಡಿ ತೃಪ್ತರಾಗದೆ, ಯಾರಿಗೆ ಸುರಕ್ಷಿತ ಎಂದು ಕೇಳಬೇಕಾಗಿದೆ.

ಹಾಗಾದರೆ ಮೊನೆಗಾಯ ತಡೆಯುವ ವಿನ್ಯಾಸ ಹೇಗಿರಬೇಕು? ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1992ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ ಹೇಳಿದ ಲಕ್ಷಣಗಳು ಇಂದಿಗೂ ಅಳತೆಗೋಲಾಗಿವೆ: ಬಳಕೆಯ ನಂತರ ಕೈಗೂ ಮೊನೆಗೂ ನಡುವೆ ಗಟ್ಟಿಯಾದ ತಡೆ ಇರಬೇಕು, ಕೈಗಳು ಯಾವಾಗಲೂ ಮೊನೆಯ ಹಿಂಭಾಗದಲ್ಲಿಯೇ ಇರುವಂತಿರಬೇಕು, ಸುರಕ್ಷತೆಯ ಭಾಗವು ಆಮೇಲೆ ಜೋಡಿಸುವ ಬಿಡಿ ಸಾಮಾನಾಗಿರದೆ ಉಪಕರಣದ ಅಂಗವೇ ಆಗಿರಬೇಕು, ಬಿಚ್ಚುವ ಮೊದಲೇ ಅದು ಕೆಲಸಕ್ಕೆ ಬಂದು ವಿಲೇವಾರಿಯಾದ ಮೇಲೂ ಹಾಗೆಯೇ ಉಳಿಯಬೇಕು, ಹಾಗೂ ವಿಶೇಷ ತರಬೇತಿ ಬೇಡದಷ್ಟು ಸರಳವಾಗಿರಬೇಕು. ಈ ಲಕ್ಷಣಗಳನ್ನು ಪೂರೈಸಲು ತಯಾರಕರು ಹಿಡಿದ ದಾರಿಗಳು ಬೇರೆಬೇರೆ. ಕೆಲವು ಸಿರಿಂಜ್‌ಗಳಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಒರೆಯನ್ನು ಮುಂದಕ್ಕೆ ಸರಿಸಿ, ಟಿಕ್ ಎಂಬ ಸದ್ದು ಬರುವವರೆಗೆ ತಳ್ಳಬೇಕು. ಕೆಲವುಗಳಲ್ಲಿ ಸೂಜಿಯ ಬುಡಕ್ಕೆ ಕೀಲಿನಿಂದ ಸೇರಿಸಿದ ಕವಚವನ್ನು ಹೆಬ್ಬೆರಳಿನಿಂದ ಮಡಚಬೇಕು. ಇನ್ನು ಕೆಲವುಗಳಲ್ಲಿ ಸೂಜಿಯೇ ಒಳಕ್ಕೆ ಸರಿದು ಹೋಗುತ್ತದೆ. ಟೆಕ್ಸಸ್‌ನ ಇಂಜಿನಿಯರ್ ಥಾಮಸ್ ಶಾ ರೂಪಿಸಿದ ವ್ಯಾನಿಶ್‌ಪಾಯಿಂಟ್ ಸಿರಿಂಜಿನಲ್ಲಿ ಸೂಜಿಯ ಬುಡವನ್ನು ಒತ್ತಿದ ಸ್ಪ್ರಿಂಗ್ ಒಂದರ ಜೊತೆಗೆ ಹಿಡಿದಿಡಲಾಗಿರುತ್ತದೆ. ಮದ್ದು ಪೂರ್ತಿ ಇಳಿದ ಮೇಲೆ ದೂಡುದಂಡವನ್ನು ಇನ್ನಷ್ಟು ಒತ್ತಿದರೆ ಆ ಹಿಡಿತ ಕಳಚಿ, ಸೂಜಿಯು ರೋಗಿಯ ಮೈಯಿಂದಲೇ ನೇರವಾಗಿ ಟೊಳ್ಳಾದ ದಂಡದೊಳಕ್ಕೆ ಹಿಂದೆಗೆದುಕೊಳ್ಳುತ್ತದೆ. ರಕ್ತ ಸೋಕಿದ ಮೊನೆ ಗಾಳಿಗೆ ತೆರೆದುಕೊಳ್ಳುವ ಕ್ಷಣವೇ ಅಲ್ಲಿ ಇಲ್ಲ.

ಸುರಕ್ಷತಾ ಕವಚವಿದ್ದರೆ ಎಲ್ಲ ವಿನ್ಯಾಸಗಳೂ ಒಂದೇ ಎಂದು ತಿಳಿಯುವುದೂ ತಪ್ಪು. ಬಳಸುವವರು ಬೇರೆಯದೊಂದು ಕ್ರಿಯೆ ಮಾಡಿದರೆ ಮಾತ್ರ ಕೆಲಸಕ್ಕೆ ಬರುವ ಉಪಕರಣಗಳು ಒಂದು ಬಗೆಯವಾದರೆ, ಏನೂ ಮಾಡದೆ ತಾವಾಗಿಯೇ ಮೊನೆಯನ್ನು ಮರೆಮಾಡುವ ಉಪಕರಣಗಳು ಇನ್ನೊಂದು ಬಗೆಯವು. ಫ್ರಾನ್ಸಿನ ಹಲವು ಆಸ್ಪತ್ರೆಗಳನ್ನು ಒಳಗೊಂಡು 2010ರಲ್ಲಿ ಪ್ರಕಟವಾದ ಅಧ್ಯಯನವು ಎರಡನೆಯ ಬಗೆಯಲ್ಲಿ ಗಾಯದ ಪ್ರಮಾಣ ಅತ್ಯಂತ ಕಡಿಮೆಯೆಂದು ಕಂಡುಕೊಂಡಿತು. ತುರ್ತು ವಿಭಾಗದಲ್ಲಿ ಒದ್ದಾಡುವ ರೋಗಿಯನ್ನು ಒಂದು ಕೈಯಲ್ಲಿ ಹಿಡಿದಿರುವ ದಾದಿಗೆ ಕವಚ ಸರಿಸಲು ಇನ್ನೊಂದು ಕೈ ಬಿಡುವಾಗಿರುವುದಿಲ್ಲ ಎಂಬುದನ್ನು ಮನಗಂಡರೆ ಈ ಫಲಿತಾಂಶ ಅಚ್ಚರಿ ತರುವುದಿಲ್ಲ.

ಕೈಗವಸು ಹಾಕಿಕೊಂಡರೆ ಸಾಕು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕೈಗವಸು ಸೂಜಿಯನ್ನು ತಡೆಯಲಾರದು. ಆದರೆ ಅದನ್ನು ತೂರಿ ಬರುವಾಗ ಸೂಜಿಯ ಹೊರಮೈಯ ರಕ್ತ ಒಂದಿಷ್ಟು ಒರೆಸಿಹೋಗುವುದರಿಂದ ದೇಹಕ್ಕೆ ಸೇರುವ ರಕ್ತದ ಪ್ರಮಾಣ ಕಡಿಮೆಯಾಗುತ್ತದೆ. ಒಣಗಿದ ಸೂಜಿಯಿಂದ ಅಪಾಯವಿಲ್ಲವೆಂಬುದು ಮಾತ್ರ ಪೂರ್ತಿ ಸುಳ್ಳು: ಹೆಪಟೈಟಿಸ್ ಬಿ ವೈರಸ್ ಒಣರಕ್ತದಲ್ಲಿ ಕನಿಷ್ಠ ಏಳು ದಿನ ಜೀವಂತವಾಗಿ ಉಳಿಯಬಲ್ಲದು.

ಅಪಾಯವೆಂದರೆ ಎಚ್‌ಐವಿ ಒಂದೇ ಎಂಬ ಭಯವೂ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದೆ. ಸೋಂಕಿತ ರಕ್ತವಿರುವ ಸೂಜಿ ಒಮ್ಮೆ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇ 0.3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆಯಾದರೋ ರೋಗಿಯ ರಕ್ತದಲ್ಲಿನ ವೈರಸ್ ಪ್ರಮಾಣವನ್ನು ಅನುಸರಿಸಿ ಶೇ 6ರಿಂದ 30ರವರೆಗೆ ಇರುತ್ತದೆ. ಮೊದಲು ಹೇಳಿದ ಮೂರು ವೈರಸ್‌ಗಳಲ್ಲಿ ಲಸಿಕೆ ಇರುವುದು ಹೆಪಟೈಟಿಸ್ ಬಿಗೆ ಮಾತ್ರ. ಭಾರತದ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016 ಎಲ್ಲ ಆರೋಗ್ಯ ಸಿಬ್ಬಂದಿಗೂ ತ್ಯಾಜ್ಯ ನಿರ್ವಹಿಸುವವರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ವಿರುದ್ಧ ಲಸಿಕೆ ಹಾಕಿಸುವ ಹೊಣೆಯನ್ನು ಆಸ್ಪತ್ರೆಯ ಮೇಲೆಯೇ ಹೊರಿಸಿವೆ. ಗುತ್ತಿಗೆಯ ಮೇಲೆ ದುಡಿಯುವ ಸ್ವಚ್ಛತಾ ಸಿಬ್ಬಂದಿಯೂ ಇದರಲ್ಲಿ ಸೇರಿದ್ದಾರೆಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಸೂಜಿಯನ್ನು ಎಂದೂ ಬಳಸದ ಅವರು ಕಪ್ಪು ಚೀಲದಲ್ಲಿ ಯಾರೋ ಎಸೆದ ಸೂಜಿಗೆ ಕೈ ಕೊಡುತ್ತಾರೆ. ಮೊನೆಯುಳ್ಳ ಎಲ್ಲವೂ ಸೇರಬೇಕಾದದ್ದು ತೂತು ಬೀಳದ, ಸೋರದ ಬಿಳಿ ಅರೆಪಾರದರ್ಶಕ ಡಬ್ಬಿಗೆ. ನೀಡಲ್ ಕಟರ್‌ನಲ್ಲಿ ಸೂಜಿ ಕತ್ತರಿಸುವುದರಿಂದ ಮರುಬಳಕೆ ತಪ್ಪುತ್ತದೆ ನಿಜ. ಆದರೆ ಕಟರ್‌ವರೆಗೆ ತೆರೆದ ಮೊನೆಯನ್ನು ಒಯ್ಯುವ ಕೆಲಸ ಅದರಿಂದ ತಪ್ಪುವುದಿಲ್ಲ.

ಚುಚ್ಚಿದ ಬೆರಳನ್ನು ಹಿಂಡಿ ರಕ್ತ ತೆಗೆಯಬೇಕು, ಬಾಯಲ್ಲಿಟ್ಟು ಚೀಪಬೇಕು, ಸ್ಪಿರಿಟ್ ಅಥವಾ ಬ್ಲೀಚ್ ಸುರಿಯಬೇಕು ಎಂಬ ಸಲಹೆಗಳು ಇಂದಿಗೂ ಕೇಳಿಬರುತ್ತವೆ. ಇವು ಯಾವುವೂ ಮಾಡತಕ್ಕವಲ್ಲ. ಸಾಬೂನು ಮತ್ತು ಹರಿಯುವ ನೀರಿನಿಂದ ತೊಳೆದು, ತಡಮಾಡದೆ ವೈದ್ಯರನ್ನು ಕಾಣುವುದೇ ಸರಿಯಾದ ಕ್ರಮ. ಎಚ್‌ಐವಿ ಸೋಂಕನ್ನು ತಡೆಯಲು ಗಾಯದ ನಂತರ ಕೊಡುವ ಔಷಧಿಯನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ತಪ್ಪಿದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ಮುಂದುವರಿಸಬೇಕು. 1997ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು, ಜಿಡೊವುಡಿನ್ ಎಂಬ ಒಂದೇ ಔಷಧಿಯಿಂದಲೂ ಸೋಂಕಿನ ಸಾಧ್ಯತೆ ಶೇ 81ರಷ್ಟು ತಗ್ಗಿತ್ತೆಂದು ತೋರಿಸಿತ್ತು. ಭಾರತದಲ್ಲಿ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಈ ಔಷಧಿಯನ್ನು ಸಿಬ್ಬಂದಿಗೆ ಒದಗಿಸುವುದು ಆರೋಗ್ಯ ಸಂಸ್ಥೆಯ ಕರ್ತವ್ಯ.

ಸುರಕ್ಷಿತ ಸಿರಿಂಜ್ ಶ್ರೀಮಂತ ದೇಶಗಳ ಆಡಂಬರವೆಂಬ ವಾದಕ್ಕೆ ಬೆಲೆಯೇ ಆಧಾರ. ಬಿಡಿ ಸಿರಿಂಜಿನ ಬೆಲೆಯನ್ನಷ್ಟೇ ಹೋಲಿಸಿದರೆ ಅದು ದುಬಾರಿಯೇ ಹೌದು. ಆದರೆ ಗಾಯವಾದ ಪ್ರತಿಯೊಬ್ಬರಿಗೂ ಮಾಡಬೇಕಾದ ರಕ್ತಪರೀಕ್ಷೆ, ಔಷಧಿ, ತಿಂಗಳುಗಟ್ಟಲೆಯ ತಪಾಸಣೆ, ರಜೆ ಹಾಗೂ ಫಲಿತಾಂಶ ಬರುವವರೆಗೆ ಇಡೀ ಕುಟುಂಬ ಅನುಭವಿಸುವ ಆತಂಕ ಆ ಹೋಲಿಕೆಯಲ್ಲಿ ಸೇರಿರುವುದಿಲ್ಲ. ಅಮೆರಿಕದಲ್ಲಿ 2000ದ ನವೆಂಬರ್‌ನಲ್ಲಿ ಸೂಜಿಗಾಯ ಸುರಕ್ಷತಾ ಕಾಯ್ದೆ ಬಂದು ಸುರಕ್ಷಿತ ಉಪಕರಣಗಳ ಬಳಕೆ ಕಡ್ಡಾಯವಾದಾಗ, ಮರುವರ್ಷವೇ ಆಸ್ಪತ್ರೆಗಳ ಮೊನೆಗಾಯಗಳು ಸುಮಾರು ಶೇ 38ರಷ್ಟು ಇಳಿದವು. ಒಂದೇ ವರ್ಷದಲ್ಲಿ ಅಲ್ಲಿನ ಸಿಬ್ಬಂದಿಯೆಲ್ಲ ಒಮ್ಮೆಲೇ ಹೆಚ್ಚು ಜಾಗರೂಕರಾಗಿಬಿಟ್ಟರೆಂದು ಯಾರೂ ವಾದಿಸಲಾರರು.

ಸಣ್ಣ ಚುಚ್ಚು, ದೂರು ಕೊಡುವಂಥದ್ದೇನಲ್ಲ ಎಂಬ ಭಾವನೆ ಉಳಿದೆಲ್ಲ ತಪ್ಪು ಕಲ್ಪನೆಗಳನ್ನು ಜೀವಂತವಾಗಿಡುತ್ತದೆ. ಬೈಗುಳದ ಭಯದಿಂದಲೋ ಸಂಕೋಚದಿಂದಲೋ ಗಾಯವನ್ನು ಮುಚ್ಚಿಟ್ಟವರು ಚಿಕಿತ್ಸೆಯ ಅಮೂಲ್ಯ ಗಂಟೆಗಳನ್ನು ಕಳೆದುಕೊಳ್ಳುತ್ತಾರೆ, ಆಸ್ಪತ್ರೆಯು ಯಾವ ಉಪಕರಣ ಅಪಾಯಕಾರಿಯೆಂದು ತಿಳಿಯುವ ಅವಕಾಶವನ್ನು ಕಳೆದುಕೊಳ್ಳುತ್ತದೆ. ಭಾರತದ 2016ರ ನಿಯಮಗಳು ‘ದೊಡ್ಡ ಅಪಘಾತ’ದ ವ್ಯಾಖ್ಯೆಯಿಂದ ಸೂಜಿ ಚುಚ್ಚುವಿಕೆಯನ್ನು ಹೆಸರು ಹೇಳಿಯೇ ಹೊರಗಿಟ್ಟಿವೆ, ಅಂಥ ಗಾಯಗಳ ವಿವರ ವರ್ಷಕ್ಕೊಮ್ಮೆ ಸಲ್ಲಿಸುವ ವರದಿಯಲ್ಲಿ ಇತರ ಅಪಘಾತಗಳ ಸಾಲಿಗೆ ಸೇರುತ್ತದೆ. ಅಮೆರಿಕದ ಕಾಯ್ದೆಯಾದರೋ ಪ್ರತಿ ಗಾಯಕ್ಕೂ ಒಂದು ದಾಖಲೆಯನ್ನು ಕೇಳುತ್ತದೆ: ಚುಚ್ಚಿದ ಉಪಕರಣ ಯಾವ ಬಗೆಯದು, ಯಾವ ಕಂಪನಿಯದು, ಘಟನೆ ಯಾವ ವಿಭಾಗದಲ್ಲಿ ನಡೆಯಿತು, ಹೇಗೆ ನಡೆಯಿತು. ಗಾಯಗೊಂಡವರ ಗುರುತನ್ನು ಗೋಪ್ಯವಾಗಿಡಬೇಕು, ಮುಂದೆ ಯಾವ ಉಪಕರಣ ಕೊಳ್ಳಬೇಕೆಂದು ನಿರ್ಧರಿಸುವಾಗ ಅದನ್ನು ದಿನವೂ ಕೈಯಲ್ಲಿ ಹಿಡಿಯುವ ಸಿಬ್ಬಂದಿಯ ಅಭಿಪ್ರಾಯವನ್ನು ಕೇಳಲೇಬೇಕು ಎಂದೂ ಅದೇ ಕಾಯ್ದೆ ವಿಧಿಸುತ್ತದೆ.