ಅಕ್ಷಿಪಟಲದ ನರಕೋಶಗಳಿಗೆ ವಿದ್ಯುತ್ಪ್ರಚೋದನೆ

ಕಣ್ಣು ಮುಚ್ಚಿಕೊಂಡು ರೆಪ್ಪೆಯ ಹೊರತುದಿಯನ್ನು ಬೆರಳಿನಿಂದ ಮೆಲ್ಲನೆ ಒತ್ತಿದರೆ ಮೂಗಿನ ಕಡೆಗೆ ಬೆಳಕಿನ ಉಂಗುರವೊಂದು ತೋರುತ್ತದೆ. ಅಲ್ಲಿ ಬೆಳಕೆಂಬುದಿಲ್ಲ, ಒತ್ತಡದಿಂದ ಉದ್ರೇಕಗೊಂಡ ನರಕೋಶಗಳಿವೆ, ಅಷ್ಟೆ. ಕಣ್ಣಿನ ನರವು ಯಾವ ಕಾರಣದಿಂದ ಉದ್ರೇಕಗೊಂಡರೂ ಮಿದುಳು ಅದನ್ನು ಬೆಳಕೆಂದೇ ಗ್ರಹಿಸುವುದು. 1755ರಲ್ಲಿ ಫ್ರಾನ್ಸಿನ ವೈದ್ಯ ಷಾರ್ಲ್ ಲ ರ್ವಾ ಎಂಬಾತನು ಲೈಡನ್ ಜಾಡಿಯ ವಿದ್ಯುತ್ತನ್ನು ಅಂಧನೊಬ್ಬನ ದೇಹದ ಮೂಲಕ ಹಾಯಿಸಿದಾಗ ಅವನಿಗೆ ಕಣ್ಣೆದುರು ಜ್ವಾಲೆಯೊಂದು ಸರಿದಂತೆ ಕಂಡಿತು. ದೃಷ್ಟಿ ಮಾತ್ರ ಮರಳಲಿಲ್ಲ. ಬೆಳಕನ್ನು ಕಾಣಿಸುವುದಕ್ಕೂ ವಸ್ತುವನ್ನು ಕಾಣಿಸುವುದಕ್ಕೂ ಇರುವ ಈ ಅಂತರವನ್ನೇ ನಾವು ಇಲ್ಲಿ ವಿಚಾರಿಸಬೇಕೆಂದಿರುವೆವು.

ಹೀಗೆ ವಿಚಾರಿಸುವುದಕ್ಕೆ ಕಾರಣವೂ ಉಂಟು. ‘ಕುರುಡರಿಗೆ ಕಣ್ಣು ಬಂದಿತು’ ಎಂಬ ವರ್ತಮಾನವನ್ನು ಪತ್ರಿಕೆಯಿಂದ ಕತ್ತರಿಸಿ ತಂದು, ತಮ್ಮ ಮನೆಯವರಿಗೆ ಇದು ಆಗುವುದೇ ಎಂದು ವಿದ್ಯಾರ್ಥಿಗಳು ಅಧ್ಯಾಪಕರನ್ನು ಕೇಳುವುದುಂಟು. ಉತ್ತರ ಹೇಳುವವರು ಆ ಯಂತ್ರದ ಒಳಗನ್ನು ಸ್ವಲ್ಪವಾದರೂ ಬಲ್ಲವರಾಗಿರಬೇಕು.

ಅಕ್ಷಿಪಟಲದಲ್ಲಿ ಬೆಳಕನ್ನು ಹಿಡಿಯುವ ದಂಡಕೋಶ, ಶಂಕುಕೋಶಗಳು ಸುಮಾರು 10 ಕೋಟಿಯಷ್ಟಿವೆ. ಅವು ತಮ್ಮ ಸಂಕೇತವನ್ನು ದ್ವಿಧ್ರುವ ಕೋಶಗಳಿಗೂ, ಇವು ಗ್ಯಾಂಗ್ಲಿಯನ್ ಕೋಶಗಳಿಗೂ ದಾಟಿಸುತ್ತವೆ. ಕೊನೆಯವುಗಳ ಸಂಖ್ಯೆ ಸುಮಾರು 10 ಲಕ್ಷ. ಇವುಗಳ ಎಳೆಗಳೆಲ್ಲ ಕೂಡಿ ದೃಷ್ಟಿನರವಾಗಿ ಮಿದುಳಿಗೆ ಹೋಗುತ್ತವೆ. ರೆಟಿನೈಟಿಸ್ ಪಿಗ್ಮೆಂಟೋಸ ಎಂಬ ವಂಶಪಾರಂಪರ್ಯ ರೋಗವು ಮೊದಲು ಇರುಳುಗುರುಡಾಗಿ ತೋರಿಕೊಂಡು, ಬೆಳಕು ಹಿಡಿಯುವ ಕೋಶಗಳನ್ನು ವರ್ಷಾನುಕ್ರಮವಾಗಿ ನಾಶಮಾಡುವುದು. ಆದರೂ ಗ್ಯಾಂಗ್ಲಿಯನ್ ಕೋಶಗಳಲ್ಲಿ ಅನೇಕವು ಬದುಕಿ ಉಳಿಯುತ್ತವೆ. ಕೃತಕ ಪ್ರಚೋದನೆಗೆ ಆಸರೆಯಾಗಿರುವುದು ಈ ಸಂಗತಿಯೇ.

ಈ ಮಾರ್ಗದಲ್ಲಿ ಹೆಚ್ಚು ಪ್ರಸಿದ್ಧವಾದುದು ಕ್ಯಾಲಿಫೋರ್ನಿಯದ ಸೆಕೆಂಡ್ ಸೈಟ್ ಸಂಸ್ಥೆಯ ‘ಆರ್ಗಸ್ 2’. ಕನ್ನಡಕದ ಮೇಲಿನ ಕ್ಯಾಮೆರಾ ಚಿತ್ರವನ್ನು ಹಿಡಿಯುವುದು. ರೋಗಿಯು ಮೈಮೇಲೆ ಧರಿಸಿದ ಚಿಕ್ಕ ಗಣಕವು ಅದನ್ನು ಸಂಕೇತಗಳಾಗಿ ಮಾರ್ಪಡಿಸುವುದು. ತಂತಿಯ ಸಂಪರ್ಕವಿಲ್ಲದೆ ಕಣ್ಣಿಗೆ ತಲುಪಿದ ಸಂಕೇತವು ಅಕ್ಷಿಪಟಲದ ಒಳಮೈಗೆ ಜೋಡಿಸಿದ 60 ವಿದ್ಯುದಗ್ರಗಳಲ್ಲಿ ಮಿಡಿತಗಳಾಗಿ ಹೊಮ್ಮುವುದು. ಪ್ರತಿಯೊಂದು ಮಿಡಿತದ ಹಿಂದೆಯೇ ಅಷ್ಟೇ ಆವೇಶದ ವಿರುದ್ಧ ಮಿಡಿತವನ್ನು ಕಳುಹಿಸುತ್ತಾರೆ. ಇಲ್ಲವಾದರೆ ಆವೇಶ ಶೇಖರವಾಗಿ ವಿದ್ಯುದ್ವಿಭಜನೆ ನಡೆದು ಲೋಹವೂ ಕೋಶಗಳೂ ಕೆಡುವುವು. 2007ರಲ್ಲಿ ಆರಂಭವಾದ ಪರೀಕ್ಷೆಯಲ್ಲಿ 30 ಮಂದಿ ರೋಗಿಗಳಿದ್ದರು. ಹಲವರು ಬಾಗಿಲಿನ ಆಕಾರವನ್ನೂ ನೆಲದ ಮೇಲೆ ಎಳೆದ ಗೆರೆಯನ್ನೂ ಗುರುತಿಸಬಲ್ಲವರಾದರು. ಅವರೊಳಗೆ ಅತ್ಯುತ್ತಮವೆನಿಸಿದ ದೃಷ್ಟಿಯ ಅಳತೆ 20/1260. ಅಂದರೆ ಸಾಮಾನ್ಯರು 1260 ಅಡಿಯಿಂದ ಗುರುತಿಸುವುದನ್ನು ಅವರು 20 ಅಡಿಗೆ ಬಂದು ಗುರುತಿಸಬೇಕು.

60 ವಿದ್ಯುದಗ್ರಗಳೆಂದರೆ 60 ಚುಕ್ಕೆಗಳ ಚಿತ್ರವಾದರೂ ಮೂಡಬೇಕಷ್ಟೆ ಎಂದು ವಾಚಕರು ಕೇಳಬಹುದು. ಅಷ್ಟೂ ಮೂಡುವುದಿಲ್ಲ. ದೂರದ ಗ್ಯಾಂಗ್ಲಿಯನ್ ಕೋಶಗಳ ಎಳೆಗಳು ದೃಷ್ಟಿನರದ ಮೂಲವನ್ನು ಸೇರುವುದಕ್ಕಾಗಿ ಅಕ್ಷಿಪಟಲದ ಈ ಒಳಮೈಯ ಮೇಲೆಯೇ ಬಿಲ್ಲಿನಂತೆ ಬಾಗಿ ಹರಿದಿರುತ್ತವೆ. ವಿದ್ಯುದಗ್ರವು ತನ್ನ ಕೆಳಗಿನ ಕೋಶವನ್ನಲ್ಲದೆ ಹಾದುಹೋಗುವ ಎಳೆಗಳನ್ನೂ ಪ್ರಚೋದಿಸುವುದು. ಒಂದು ಊರಿನಿಂದ ಮುದ್ರೆಯೊತ್ತಿ ಹೊರಟ ಟಪಾಲು ಚೀಲದೊಳಕ್ಕೆ ನಡುದಾರಿಯಲ್ಲಿ ಯಾರಾದರೂ ಕಾಗದವೊಂದನ್ನು ತುರುಕಿದರೆ, ಚೀಲ ಬಿಚ್ಚಿದವರು ಅದನ್ನೂ ಆ ಊರಿನ ಕಾಗದವೆಂದೇ ಭಾವಿಸುವರು. ಮಿದುಳಿನ ಸ್ಥಿತಿಯೂ ಹಾಗೆಯೇ. ಎಳೆಯ ನಡುವೆ ಹುಟ್ಟಿದ ಸಂಕೇತವನ್ನು ಅದರ ಮೂಲಕೋಶದ ಸ್ಥಾನಕ್ಕೆ ಆರೋಪಿಸುವುದು. ಆದುದರಿಂದ ಚುಕ್ಕೆ ಕಾಣಬೇಕಾದೆಡೆ ಬಾಗಿದ ಗೆರೆ ಕಾಣುತ್ತದೆ. ಇಷ್ಟು ಸಾಲದೆಂಬಂತೆ, ಬೆಳಕು ಬಂದಾಗ ಮಿಡಿಯುವ ಕೋಶಗಳೂ ಬೆಳಕು ಹೋದಾಗ ಮಿಡಿಯುವ ಕೋಶಗಳೂ ಪಕ್ಕಪಕ್ಕದಲ್ಲಿವೆ. ವಿದ್ಯುತ್ತು ಎರಡನ್ನೂ ಏಕಕಾಲಕ್ಕೆ ಎಬ್ಬಿಸುವುದು. ವಿದ್ಯುದಗ್ರಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಈ ಗೊಂದಲ ಪರಿಹಾರವಾಗದೆಂಬುದು ನಮ್ಮ ಅಭಿಪ್ರಾಯ.

ಬೇರೊಂದು ಉಪಾಯವೆಂದರೆ ಎಳೆಗಳಿಂದ ದೂರ ಸರಿದು, ನಾಶವಾದ ಕೋಶಗಳಿದ್ದ ಹಿಂಬದಿಯಲ್ಲಿಯೇ ಉಪಕರಣವನ್ನಿಟ್ಟು ದ್ವಿಧ್ರುವ ಕೋಶಗಳನ್ನು ಪ್ರಚೋದಿಸುವುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೇನಿಯಲ್ ಪಲಂಕರ್ ಅವರು ರೂಪಿಸಿದ ‘ಪ್ರಿಮಾ’ ಈ ಬಗೆಯದು. 2 ಮಿಲಿಮೀಟರ್ ಚೌಕದ ಆ ಬಿಲ್ಲೆಯಲ್ಲಿ 378 ಘಟಕಗಳಿವೆ. ಕನ್ನಡಕವು ಅವರಕ್ತ ಕಿರಣಗಳಲ್ಲಿ ಚಿತ್ರವನ್ನು ಬಿಲ್ಲೆಯ ಮೇಲೆ ಬೀರಿದರೆ, ಪ್ರತಿಯೊಂದು ಘಟಕವೂ ಆ ಕಿರಣಗಳಿಂದಲೇ ವಿದ್ಯುತ್ತನ್ನು ಪಡೆದುಕೊಳ್ಳುವುದು. ಕಣ್ಣಿನೊಳಗೆ ತಂತಿಯ ಅಗತ್ಯವಿಲ್ಲ. ಮುಪ್ಪಿನಲ್ಲಿ ಅಕ್ಷಿಪಟಲದ ನಡುಭಾಗ ನಶಿಸಿದ 38 ಮಂದಿಗೆ ಇದನ್ನು ಅಳವಡಿಸಿದ ಫಲಿತಾಂಶವು 2025ರಲ್ಲಿ ಪ್ರಕಟವಾಯಿತು. ವರ್ಷದ ತರುವಾಯ ಪರೀಕ್ಷಿಸಿದ 32 ಮಂದಿಯಲ್ಲಿ 26 ಮಂದಿಯ ದೃಷ್ಟಿ ಗಣನೀಯವಾಗಿ ಸುಧಾರಿಸಿತ್ತು. ಅಕ್ಷರಗಳನ್ನು ಹಿಗ್ಗಿಸಿಕೊಂಡು ಓದಿದವರೂ ಇದ್ದರು. ಕಂಡುದು ವರ್ಣರಹಿತ ದೃಶ್ಯವಾದರೂ, ಅಕ್ಷರವನ್ನು ಓದುವುದು ಜ್ವಾಲೆಯನ್ನು ಕಾಣುವುದಕ್ಕಿಂತ ಬಹುದೂರದ ಮಾತು.

ಇನ್ನು ವಿದ್ಯಾರ್ಥಿಯ ಪ್ರಶ್ನೆ. ಗ್ಲಾಕೋಮದಿಂದ ದೃಷ್ಟಿನರವೇ ಸತ್ತವರಿಗೆ ಈ ಎರಡು ಉಪಕರಣಗಳಿಂದಲೂ ಪ್ರಯೋಜನವಿಲ್ಲ. ಹಿಂದೆ ಆಕಾರಗಳನ್ನು ಕಂಡು ಅರಿತಿದ್ದವರಿಗೆ ಮಾತ್ರ ಆರ್ಗಸ್ಸನ್ನು ಅಳವಡಿಸುತ್ತಿದ್ದರು. ಅಳವಡಿಸಿದ ಮೇಲೆಯೂ ಮಿಡಿತದ ಪ್ರಮಾಣವನ್ನು ಆಗಾಗ ಸರಿಪಡಿಸುವವರು ಬೇಕು. ಕೆಟ್ಟ ಭಾಗಗಳನ್ನು ಬದಲಾಯಿಸುವವರು ಬೇಕು. ಲೋಕದಲ್ಲಿ 350ಕ್ಕೂ ಮಿಕ್ಕು ಜನರು ಆರ್ಗಸ್ಸನ್ನು ಪಡೆದಿದ್ದರು. ಸೆಕೆಂಡ್ ಸೈಟ್ ಸಂಸ್ಥೆಯು 2019ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿತು. 2020ರಲ್ಲಿ ದಿವಾಳಿಯ ಅಂಚಿಗೆ ಬಂದಿತು. 2022ರಲ್ಲಿ ಔಷಧೋಪಕರಣಗಳ ಬೇರೊಂದು ಸಂಸ್ಥೆಯೊಡನೆ ವಿಲೀನವಾಯಿತು. ಕನ್ನಡಕವು ಕೆಟ್ಟರೆ ದುರಸ್ತಿಗೆ ದಿಕ್ಕಿಲ್ಲದೆ ಕೆಲವರು ಎರಡನೆಯ ಸಲ ಕುರುಡರಾದರು. ಪ್ರಿಮಾವನ್ನು ಪರೀಕ್ಷೆಗೆ ತಂದ ಪ್ಯಾರಿಸಿನ ಪಿಕ್ಸಿಯಮ್ ವಿಷನ್ ಸಂಸ್ಥೆಯೂ ಹಣದ ಅಭಾವದಿಂದ ನಿಂತುಹೋಗಿ, 2024ರಲ್ಲಿ ಅದರ ಸ್ವತ್ತನ್ನು ಅಮೆರಿಕದ ಸೈನ್ಸ್ ಕಾರ್ಪೊರೇಷನ್ ಕೊಂಡುಕೊಂಡಿತು. ಪತ್ರಿಕೆಯ ತುಣುಕನ್ನು ಹಿಡಿದು ಬಂದ ವಿದ್ಯಾರ್ಥಿಗೆ ಕೋಶಗಳ ವಿಷಯವನ್ನು ಹೇಳಿದ ಬಳಿಕ ಇದನ್ನೂ ಹೇಳತಕ್ಕದ್ದು.