ಅಳಿವೆಯ ಕೆಸರು ಪಾಳು ನೆಲವಲ್ಲ

ಶಿರಿಯ ಹೊಳೆಯು ಕುಂಬಳೆಯ ಬಳಿ ಸಮುದ್ರವನ್ನು ಸೇರುವ ಅಳಿವೆಯಲ್ಲಿ ನೀರು ಇಳಿದಾಗ ಮೇಲೇಳುವುದು ಬರಿಯ ಕೆಸರು. ಸೇತುವೆಯ ಮೇಲಿಂದ ಸಾಗುವವರ ಕಣ್ಣಿಗೆ ಅದು ಯಾರಿಗೂ ಬೇಡದ ಪಾಳು ನೆಲದಂತೆ ತೋರಬಹುದು. ಆದರೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಆ ಕೆಸರನ್ನೇ ನಂಬಿ ಹಿಮಾಲಯದಿಂದಲೂ ಅದರ ಆಚೆಯಿಂದಲೂ ಬರುವ ಹಕ್ಕಿಗಳಿವೆ. ಕೇರಳದ 44 ನದಿಗಳಲ್ಲಿ 12 ಹರಿಯುವುದು ಕಾಸರಗೋಡು ಜಿಲ್ಲೆಯಲ್ಲಿ. ಉಪ್ಪಳದಿಂದ ಚಂದ್ರಗಿರಿಯವರೆಗೆ ಮನೆಯಿಂದ ಹೆಚ್ಚು ದೂರವಿಲ್ಲದ ಅಳಿವೆಯೊಂದು ಕರಾವಳಿಯ ಬಹುತೇಕ ಶಾಲೆಗಳ ಮಕ್ಕಳಿಗೆ ಲಭ್ಯವಿದೆ.

ಹೊಳೆ ತಂದ ಮಣ್ಣು ಮತ್ತು ಕಡಲು ತಂದ ಉಪ್ಪುನೀರು ಕೂಡುವಲ್ಲಿ ಹುಳು, ಏಡಿ, ಚಿಪ್ಪುಮೀನುಗಳು ಹೇರಳವಾಗಿ ಬೆಳೆಯುತ್ತವೆ. ಇಳಿತವಾದೊಡನೆ ಆ ಉಗ್ರಾಣದ ಬಾಗಿಲು ತೆರೆಯುತ್ತದೆ. ಗಿಡ್ಡ ಕೊಕ್ಕಿನ ಮರಳುಗೊರವ ನಾಲ್ಕು ಹೆಜ್ಜೆ ಓಡಿ, ನಿಂತು, ಮೇಲ್ಮೈಯಲ್ಲಿ ಕಂಡದ್ದನ್ನು ಹೆಕ್ಕುತ್ತದೆ. ಕೆಳಗೆ ಬಾಗಿದ ನೀಳ ಕೊಕ್ಕಿನ ಕರ್ಲ್ಯೂ ಆಳದಲ್ಲಿ ಅಡಗಿದ ಹುಳುವನ್ನು ಎಳೆಯುತ್ತದೆ. ಒಂದೇ ಬಯಲಿನಲ್ಲಿ ಹತ್ತಾರು ಜಾತಿಗಳು ಜಗಳವಿಲ್ಲದೆ ಉಣ್ಣುವುದರ ಗುಟ್ಟು ಕೊಕ್ಕಿನ ಅಳತೆಯಲ್ಲಿದೆ.

ಹೊಸಬರು ಮೊದಲು ಪರಿಚಯಿಸಿಕೊಳ್ಳಬಹುದಾದ ಹಕ್ಕಿ ಗದ್ದೆಗೊರವ. ದಡದಂಚಿನಲ್ಲಿ ಒಂಟಿಯಾಗಿ ಅಡ್ಡಾಡುತ್ತಾ ಬಾಲವನ್ನು ಎಡೆಬಿಡದೆ ಕುಣಿಸುವುದು ಅದರ ಗುರುತು. ಕಂದುತಲೆಯ ಕಡಲಕ್ಕಿ ಲಡಾಖ್ ಮತ್ತು ಟಿಬೆಟಿನ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಚಳಿಗಾಲದಲ್ಲಿ ನಮ್ಮ ಕಡಲಿಗಿಳಿಯುತ್ತದೆ. ಹೆಸರನ್ನು ನಂಬಿ ಕಂದು ತಲೆಯನ್ನು ಹುಡುಕಿದ ಮಕ್ಕಳು ಮೋಸಹೋಗುತ್ತಾರೆ. ಚಳಿಗಾಲದಲ್ಲಿ ಅದರ ತಲೆ ಬಿಳಿ. ಕಿವಿಯ ಬಳಿ ಒಂದು ಕಪ್ಪು ಮಚ್ಚೆಯಷ್ಟೇ. ಹಿಂತಿರುಗುವ ಕಾಲ ಸಮೀಪಿಸಿದಾಗ ಕಂದು ಬಣ್ಣ ಏರುತ್ತದೆ. ಹಾಗೆಯೇ ಬೂದುಬಣ್ಣದ ಮರಳುಗೊರವದ ಎದೆಯೂ ಆಗ ಕೆಂಪೇರುತ್ತದೆ.

ಅತಿಥಿಗಳ ನಡುವೆ ಮನೆಯ ಯಜಮಾನನೂ ಕಾಣಸಿಗುತ್ತಾನೆ. ಬಿಳಿಹೊಟ್ಟೆಯ ಕಡಲಹದ್ದನ್ನು 2023ರಲ್ಲಿ ಕಾಸರಗೋಡಿನ ಜಿಲ್ಲಾ ಪಕ್ಷಿಯೆಂದು ಘೋಷಿಸಲಾಯಿತು. ಕಡಲ ಸಮೀಪದ ಎತ್ತರದ ಮರದಲ್ಲಿ ಗೂಡು ಕಟ್ಟಿ, ಅದೇ ಗೂಡಿಗೆ ವರ್ಷವರ್ಷವೂ ಕಡ್ಡಿ ಸೇರಿಸುವುದು ಇದರ ರೂಢಿ. ಅಂಥ ಒಂದು ಮರ ಉರುಳಿದರೆ ಒಂದು ಜೋಡಿಯ ಹಲವು ವರ್ಷಗಳ ಮನೆ ಉರುಳಿದಂತೆ.

ನಡಿಗೆಗೆ ಹೊರಡುವವರು ಗಡಿಯಾರಕ್ಕಿಂತ ಮೊದಲು ನೀರಿನ ವೇಳೆಯನ್ನು ನೋಡಬೇಕು. ದಿನಕ್ಕೆ ಎರಡು ಬಾರಿ ಬರುವ ಇಳಿತವು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಈ ಭಾನುವಾರ ಒದಗಿದ ಸಮಯ ಮುಂದಿನ ಭಾನುವಾರ ಒದಗದು. ಬೆಳಗಿನ ಇಳಿತ ಸಿಕ್ಕಿದರೆ ನಮ್ಮ ಪಡುವಣ ಕರಾವಳಿಯಲ್ಲಿ ಸೂರ್ಯ ಬೆನ್ನ ಹಿಂದಿರುತ್ತಾನೆ, ಹಕ್ಕಿಯ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ. ಒಂದು ದುರ್ಬೀನು ನಾಲ್ಕು ಮಕ್ಕಳಿಗೆ ಸಾಕು. ಕೆಸರಿಗಿಳಿಯಬಾರದು, ಅದು ಕಾಲಿಗೂ ಅಪಾಯ, ಹಕ್ಕಿಗೂ ತೊಂದರೆ. ಉಬ್ಬರದಲ್ಲಿ ದಿಣ್ಣೆಯ ಮೇಲೆ ಒತ್ತಾಗಿ ವಿಶ್ರಮಿಸುವ ಹಿಂಡನ್ನು ಚಿತ್ರಕ್ಕಾಗಿ ಎಬ್ಬಿಸುವುದಂತೂ ಸಲ್ಲದು. ದೂರ ಪಯಣಕ್ಕಾಗಿ ಕೂಡಿಸಿದ ಕೊಬ್ಬನ್ನು ಅದು ಪ್ರತಿ ಸಲವೂ ವ್ಯರ್ಥವಾಗಿ ವೆಚ್ಚಮಾಡಬೇಕಾಗುತ್ತದೆ.

ನಡಿಗೆಯ ಮುಖ್ಯ ಸಾಧನ ದುರ್ಬೀನಲ್ಲ, ನೋಟ್‌ಪುಸ್ತಕ. ಅದಕ್ಕೆ ಕಾನೂನಿನ ಕಾರಣವೊಂದಿದೆ. ಕೇಂದ್ರ ಸರಕಾರದ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಕಾಂಡ್ಲಾ ಕಾಡು, ಹಕ್ಕಿಗಳು ಗೂಡುಕಟ್ಟುವ ನೆಲೆ ಹಾಗೂ ಜೈವಿಕವಾಗಿ ಸಕ್ರಿಯವಾದ ಕೆಸರು ಬಯಲುಗಳನ್ನು ಅತ್ಯಂತ ಕಟ್ಟುನಿಟ್ಟಿನ ರಕ್ಷಣೆಯ ಒಂದು-ಎ ವರ್ಗದಲ್ಲಿ ಇರಿಸಿದೆ. ಇಲ್ಲಿ ‘ಜೈವಿಕವಾಗಿ ಸಕ್ರಿಯ’ ಎಂಬ ಮಾತೇ ತಿರುಳು. ಮಣ್ಣು ತುಂಬಿಸಲು ಲಾರಿ ಬಂದ ದಿನ ಅಲ್ಲಿ ಜೀವವಿತ್ತೆಂದು ತೋರಿಸುವವರು ಯಾರು? ‘ನಾವು ಚಿಕ್ಕಂದಿನಿಂದ ಹಕ್ಕಿ ನೋಡಿದ್ದೇವೆ’ ಎಂಬ ಬಾಯಿಮಾತಿಗಿಂತ ದಿನಾಂಕ, ವೇಳೆ, ಸ್ಥಳ, ಜಾತಿ, ಸಂಖ್ಯೆಗಳನ್ನು ವರ್ಷಗಟ್ಟಲೆ ತಪ್ಪದೆ ನಮೂದಿಸಿದ ಪುಸ್ತಕಕ್ಕೆ ತೂಕ ಹೆಚ್ಚು. ಅಂದಂದೇ ಬರೆದದ್ದು, ವಿವಾದ ಹುಟ್ಟುವ ಮೊದಲೇ ಬರೆದದ್ದು ಎಂಬುದೇ ಅದರ ಬಲ.

ಇಂಥ ಲೆಕ್ಕಕ್ಕೆ ಹಿರಿಯ ಮಾದರಿಗಳಿವೆ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಕೇರಳದ ಪಕ್ಷಿ ಭೂಪಟವನ್ನು 2015ರಿಂದ 2020ರವರೆಗೆ ಸಿದ್ಧಪಡಿಸಿದವರಲ್ಲಿ ಬಹುಪಾಲು ಸ್ವಯಂಸೇವಕರೇ. ಕನ್ನಡ ಶಾಲೆಯ ಮಕ್ಕಳು ತಮ್ಮ ಪಟ್ಟಿಯನ್ನು ಕನ್ನಡದಲ್ಲೇ ಬರೆಯಲು ಅಡ್ಡಿಯಿಲ್ಲ. ಪಕ್ಕದಲ್ಲಿ ವೈಜ್ಞಾನಿಕ ಹೆಸರಿದ್ದರೆ ಎಲ್ಲಿಯೂ ಅರ್ಥವಾಗುತ್ತದೆ. ಅಜ್ಜಂದಿರನ್ನೂ ಮೀನುಗಾರರನ್ನೂ ಕೇಳಿ ಊರಿನ ತುಳು, ಮಲಯಾಳ ಹೆಸರುಗಳನ್ನು ಸೇರಿಸಿಕೊಂಡರೆ ಅದು ಭಾಷೆಯ ದಾಖಲೆಯೂ ಆದೀತು.

ತಿಂಗಳಿಗೆರಡು ನಡಿಗೆ, ಪ್ರತಿಬಾರಿ ಅದೇ ದಾರಿ, ಇಷ್ಟಾದರೆ ಸಾಕು. ಹಕ್ಕಿ ಕಾಣದ ದಿನವನ್ನೂ ಬರೆಯಬೇಕು. ಏಪ್ರಿಲಿನಲ್ಲಿ ಬಯಲು ಬರಿದಾದಾಗ ಕೊನೆಯ ಮರಳುಗೊರವ ಕಂಡ ದಿನಾಂಕವನ್ನು ಗುರುತಿಸಿಟ್ಟು, ಪುಸ್ತಕವನ್ನು ಶಾಲೆಯ ಕಪಾಟಿನಲ್ಲಿ ಮುಂದಿನ ತರಗತಿಯವರಿಗಾಗಿ ಇರಿಸಬೇಕು.