ಹಾಡಿಗೆ ಮಣೆ, ಹಿನ್ನೆಲೆ ಸಂಗೀತಕ್ಕೆ ಅಭಿಮಾನಿಗಳ ಹೊಣೆ

ದೋರನಹಳ್ಳಿ (ಯಾದಗಿರಿ ಜಿಲ್ಲೆ): ವರ್ಷಾಂತ್ಯ ಬಂತೆಂದರೆ ಚಿತ್ರರಸಿಕರಿಗೆ ಪಟ್ಟಿ ಮಾಡುವ ಸಂಭ್ರಮ. ಆ ವರ್ಷದ ಮೆಚ್ಚಿನ ಚಿತ್ರ, ಮೆಚ್ಚಿನ ನಟ, ಮೆಚ್ಚಿನ ಹಾಡುಗಳ ಪಟ್ಟಿ ಹಳೆಯದು. ಈಗ ಅದರ ಸಾಲಿಗೆ ಮೆಚ್ಚಿನ ಹಿನ್ನೆಲೆ ಸಂಗೀತವೂ ಸೇರಿದೆ. ಯುವಕರ ಬಾಯಲ್ಲಿ ಅದು ‘ಬಿಜಿಎಂ’. ಗಾಂಧಿನಗರದ ಹಳಬರಿಗೆ ‘ರೀರೆಕಾರ್ಡಿಂಗ್’. ಇತ್ತೀಚಿನ ವರ್ಷಗಳಲ್ಲಿ ವಿಡಿಯೊ ಗೇಮ್‌ಗಳ ಸಂಗೀತವೂ ಇಂಥ ಪಟ್ಟಿಗಳಲ್ಲಿ ಜಾಗ ಪಡೆಯುತ್ತಿದೆ.

ಹಾಡಿಗೂ ಹಿನ್ನೆಲೆ ಸಂಗೀತಕ್ಕೂ ಇರುವ ಅಂತರವನ್ನು ಆಸ್ಕರ್ ಪ್ರಶಸ್ತಿಗಳೇ ತಿಳಿಸುತ್ತವೆ. 2023ರಲ್ಲಿ ‘ಆರ್‌ಆರ್‌ಆರ್’ ಚಿತ್ರದ ‘ನಾಟು ನಾಟು’ ಗೆದ್ದದ್ದು ಹಾಡಿನ ವಿಭಾಗದಲ್ಲಿ ಮಾತ್ರ. 2009ರಲ್ಲಿ ಎ.ಆರ್. ರೆಹಮಾನ್ ‘ಸ್ಲಂಡಾಗ್ ಮಿಲಿಯನೇರ್’ ಚಿತ್ರಕ್ಕಾಗಿ ಎರಡು ಆಸ್ಕರ್ ಪಡೆದರು. ಒಂದು ಹಾಡಿಗೆ, ಇನ್ನೊಂದು ಹಿನ್ನೆಲೆ ಸಂಗೀತಕ್ಕೆ. ಹಾಡು ಚಿತ್ರೀಕರಣಕ್ಕೆ ಮೊದಲೇ ಸಿದ್ಧವಾಗುವುದು ವಾಡಿಕೆ. ಹಿನ್ನೆಲೆ ಸಂಗೀತ ಹುಟ್ಟುವುದು ಸಂಕಲನ ಮುಗಿದ ಮೇಲೆ, ಬಿಡುಗಡೆಯ ದಿನಾಂಕ ಕತ್ತಿಯಂತೆ ತೂಗುತ್ತಿರುವಾಗ. ಮೌನ ಎಲ್ಲಿರಬೇಕು, ವಾದ್ಯ ಎಲ್ಲಿ ಮಾತನಾಡಬೇಕು ಎಂಬುದನ್ನು ಸಂಗೀತಗಾರ ಆಗ ನಿರ್ಧರಿಸಬೇಕಾಗುತ್ತದೆ.

ಈ ಶ್ರಮಕ್ಕೆ ಸಿಕ್ಕ ಮನ್ನಣೆ ಮಾತ್ರ ಅಷ್ಟಕ್ಕಷ್ಟೆ. ರಾಷ್ಟ್ರ ಪ್ರಶಸ್ತಿಯಲ್ಲಿ ಸಂಗೀತ ನಿರ್ದೇಶನದ ವಿಭಾಗ 1967ನೇ ಸಾಲಿನಿಂದಲೂ ಇದೆ. ಆದರೆ ಹಾಡು ಮತ್ತು ಹಿನ್ನೆಲೆ ಸಂಗೀತಕ್ಕೆ ಬೇರೆ ಬೇರೆ ಪ್ರಶಸ್ತಿ ಕೊಡುವ ಪದ್ಧತಿ ಕ್ರಮಬದ್ಧವಾದದ್ದು 2009ನೇ ಸಾಲಿನ ಚಿತ್ರಗಳಿಂದ. ಆ ವರ್ಷ ಮಲಯಾಳದ ‘ಪಳಸ್ಸಿರಾಜ’ಕ್ಕಾಗಿ ಇಳಯರಾಜ ಹಿನ್ನೆಲೆ ಸಂಗೀತದ ಪ್ರಶಸ್ತಿ ಪಡೆದರು. 2016ನೇ ಸಾಲಿನಲ್ಲಿ ಅದು ಕನ್ನಡಕ್ಕೆ ಬಂತು: ಟಿ.ಎಸ್. ನಾಗಾಭರಣ ನಿರ್ದೇಶನದ ‘ಅಲ್ಲಮ’ ಚಿತ್ರಕ್ಕೆ ಸಂಗೀತ ನೀಡಿದ ಬಾಪು ಪದ್ಮನಾಭ ಅವರಿಗೆ. ಕೇರಳ ರಾಜ್ಯ ಪ್ರಶಸ್ತಿಯಲ್ಲೂ ಹಿನ್ನೆಲೆ ಸಂಗೀತಕ್ಕೆ ಪ್ರತ್ಯೇಕ ವಿಭಾಗವಿದೆ. ಕರ್ನಾಟಕ ರಾಜ್ಯ ಪ್ರಶಸ್ತಿಯಲ್ಲಿ ಇರುವುದು ‘ಅತ್ಯುತ್ತಮ ಸಂಗೀತ ನಿರ್ದೇಶಕ’ ಎಂಬ ಒಂದೇ ವಿಭಾಗ. ಹಾಡಿಗೊಬ್ಬರು, ಹಿನ್ನೆಲೆಗೊಬ್ಬರು ದುಡಿದ ಚಿತ್ರ ಸ್ಪರ್ಧೆಗೆ ಬಂದರೆ ಪ್ರಶಸ್ತಿ ಯಾರಿಗೆ? ಇದು ಊಹೆಯ ಪ್ರಶ್ನೆಯಲ್ಲ. 2025ರ ಯಶಸ್ವಿ ಚಿತ್ರ ‘ಸು ಫ್ರಮ್ ಸೋ’ದ ಹಾಡುಗಳು ಸುಮೇಧ್ ಅವರದು, ಹಿನ್ನೆಲೆ ಸಂಗೀತ ಸಂದೀಪ್ ತುಳಸೀದಾಸ್ ಅವರದು.

ಕನ್ನಡಕ್ಕೆ ಈ ಕಲೆ ಹೊಸದಲ್ಲ. ಬಿ.ವಿ. ಕಾರಂತರು ‘ಋಷ್ಯಶೃಂಗ’ (1976) ಮತ್ತು ‘ಘಟಶ್ರಾದ್ಧ’ (1977) ಚಿತ್ರಗಳಿಗೆ ಸತತ ಎರಡು ವರ್ಷ ರಾಷ್ಟ್ರ ಪ್ರಶಸ್ತಿ ಪಡೆದದ್ದು ಜನಪ್ರಿಯ ಹಾಡುಗಳ ಬಲದಿಂದಲ್ಲ. ‘ಸಂಸ್ಕಾರ’ಕ್ಕೆ (1970) ಸಂಗೀತ ಒದಗಿಸಿದವರು ಸರೋದ್ ವಾದಕ ರಾಜೀವ ತಾರಾನಾಥರು. ಎಲ್. ವೈದ್ಯನಾಥನ್ ಅವರಂತೂ ಒಂದು ಪಾಠವೇ ಸರಿ. ಮಾತೇ ಇಲ್ಲದ ‘ಪುಷ್ಪಕ ವಿಮಾನ’ (1987) ಚಿತ್ರದಲ್ಲಿ ಅವರ ಸಂಗೀತವೇ ಸಂಭಾಷಣೆಯ ಭಾರವನ್ನೂ ಹೊತ್ತಿತು. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಶೀರ್ಷಿಕೆ ರಾಗ ದೂರದರ್ಶನದ ಕಾಲದವರಿಗೆ ಇಂದಿಗೂ ಕಂಠಪಾಠ.

ಚಿತ್ರ ಬದಲಾದದ್ದು 2018ರ ‘ಕೆಜಿಎಫ್’ನಿಂದ ಎನ್ನಬಹುದು. ಕುಂದಾಪುರ ಕಡೆಯ ಬಸ್ರೂರಿನಿಂದ ಬಂದ ರವಿ ಬಸ್ರೂರು ಅವರ ಅಬ್ಬರದ ಹಿನ್ನೆಲೆ ಸಂಗೀತವನ್ನು ಜನ ಹಾಡಿನಂತೆಯೇ ಕೇಳತೊಡಗಿದರು. ‘ಕಾಂತಾರ’ (2022) ಮತ್ತು ಅದರ ಪೂರ್ವಕಥೆಯಾದ ‘ಕಾಂತಾರ: ಅಧ್ಯಾಯ 1’ (2025) ಚಿತ್ರಗಳಲ್ಲಿ ಅಜನೀಶ್ ಲೋಕನಾಥ್ ಅದೇ ಕುತೂಹಲವನ್ನು ಕರಾವಳಿಯ ನಾದದತ್ತ ತಿರುಗಿಸಿದರು. ಅಬ್ಬರವಷ್ಟೇ ಹಿನ್ನೆಲೆ ಸಂಗೀತ ಎಂದು ನಂಬಿದವರು ಚರಣ್‌ರಾಜ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ (2023) ಕೇಳಬೇಕು.

ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂಥ ಊರುಗಳಲ್ಲಿ ಇದಕ್ಕೊಂದು ತೊಡಕೂ ಉಂಟು. ಹಲಗೆಯ ಪೆಟ್ಟಿನ ಗತ್ತನ್ನು ಜಾತ್ರೆಯಲ್ಲಿ, ಅಲಾಯಿ ಕುಣಿತದಲ್ಲಿ ಕೇಳಿ ಬೆಳೆದ ಕಿವಿಗೆ ಹಳ್ಳಿಯಲ್ಲಿ ಸಿನಿಮಾ ಹೆಚ್ಚಾಗಿ ಸಿಗುವುದು ಮೊಬೈಲ್‌ನಲ್ಲಿ. ಅದರ ಪುಟ್ಟ ಸ್ಪೀಕರ್ ತಗ್ಗು ಸ್ವರಗಳನ್ನು ಹೊರಡಿಸಲಾರದು. ಚಿತ್ರಮಂದಿರದಲ್ಲಿ ಎದೆ ನಡುಗಿಸಿದ ಡೋಲು ಇಲ್ಲಿ ಬರೀ ಟಕಟಕ. ಸ್ವಲ್ಪ ಹೆಚ್ಚು ಹಣ ಕೊಟ್ಟು ಒಳ್ಳೆಯ ಇಯರ್‌ಫೋನ್ ಕೊಂಡರೂ ಅರ್ಧ ಸಂಗೀತ ಮರಳಿ ಬರುತ್ತದೆ!

ಗೇಮ್‌ಗಳ ಸಂಗೀತದ ಲೆಕ್ಕಾಚಾರವೇ ಬೇರೆ. ಸಿನಿಮಾದ ದೃಶ್ಯ ಎಷ್ಟು ಸೆಕೆಂಡ್ ಎಂಬುದು ನಿಶ್ಚಿತ. ಆಟಗಾರ ಒಂದು ಕಾಡಿನಲ್ಲಿ ಎರಡು ನಿಮಿಷ ಇರಬಹುದು, ಎರಡು ತಾಸೂ ಇರಬಹುದು. ಹಾಗಾಗಿ ಸಂಗೀತವನ್ನು ಪದರ ಪದರವಾಗಿ, ಬೇಸರವಿಲ್ಲದೆ ಮರುಕಳಿಸುವಂತೆ ಹೆಣೆಯುತ್ತಾರೆ. ವೈರಿ ಎದುರಾದೊಡನೆ ತಾಳವಾದ್ಯದ ಪದರ ಸೇರುತ್ತದೆ, ಅಪಾಯ ಕಳೆದರೆ ಸದ್ದಿಲ್ಲದೆ ಹಿಂದೆ ಸರಿಯುತ್ತದೆ. ‘ಸಿವಿಲೈಸೇಷನ್ 4’ ಗೇಮ್‌ಗಾಗಿ ಕ್ರಿಸ್ಟೋಫರ್ ಟಿನ್ ರಚಿಸಿದ, ಸ್ವಾಹಿಲಿ ಭಾಷೆಯ ‘ಬಾಬಾ ಯೇತು’ 2011ರಲ್ಲಿ ಗ್ರ್ಯಾಮಿ ಪಡೆಯಿತು. ಗೇಮ್ ಸಂಗೀತಕ್ಕೆಂದೇ ಗ್ರ್ಯಾಮಿಯಲ್ಲಿ ಪ್ರತ್ಯೇಕ ವಿಭಾಗ ಬಂದದ್ದು 2023ರಲ್ಲಿ. 2025ರ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಸಂಗೀತದ ಪ್ರಶಸ್ತಿ ಫ್ರಾನ್ಸಿನ ‘ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33’ರ ಪಾಲಾಯಿತು, ಸಂಗೀತ ಲೋರಿಯಾ ಟೆಸ್ಟಾರ್ ಅವರದು. ಆಟವಾಡದೆ ಸಂಗೀತವನ್ನಷ್ಟೇ ಕೇಳಲಿಚ್ಛಿಸುವವರಿಗೂ ಅದು ಧ್ವನಿಸುರುಳಿಯ ರೂಪದಲ್ಲಿ ಲಭ್ಯವಿದೆ.